ಅವ್ವನ ಜೊತೆ ಮನೆಯಲ್ಲೇ ಇರುವವರು ಬೇಕು, ಕಲಬುರಗಿಯಲ್ಲಿ ಹೇಗೆ ಹುಡುಕಿದಿರಿ?

ಬ್ರಹ್ಮಪುರದ ಮಗಳು (ಪ್ರಶ್ನೆ, ಜನವರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ.

ನಮ್ಮ ಅವ್ವನಿಗೆ 76. ಬ್ರಹ್ಮಪುರದ ಹಳೇ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅಪ್ಪ ಹೋಗಿ ನಾಲ್ಕು ವರ್ಷ. ದೀಪಾವಳಿಗೆ ಎರಡು ದಿನ ಇರುವಾಗ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೇಲಿನ ಎಲುಬು ಮುರಿಯಿತು, ಆಪರೇಷನ್ ಮಾಡಿ ರಾಡ್ ಹಾಕಿದ್ದಾರೆ. ಈಗ ವಾಕರ್ ಹಿಡಿದು ಅಡುಗೆಮನೆ ತನಕ ಹೋಗುತ್ತಾಳೆ. ಆದರೆ ರಾತ್ರಿ ಎರಡು ಮೂರು ಸಲ ಎದ್ದೇ ಏಳುತ್ತಾಳೆ, ಆಗ ಯಾರಾದರೂ ಕೈ ಹಿಡಿಯಲೇಬೇಕು. ಶುಗರ್ ಹದಿನೆಂಟು ವರ್ಷದಿಂದ ಇದೆ. ಬೆಳಿಗ್ಗೆ, ರಾತ್ರಿ ಇನ್ಸುಲಿನ್.

ನಾನು ಪುಣೆಯಲ್ಲಿದ್ದೇನೆ, ಅಣ್ಣ ಬೆಂಗಳೂರಲ್ಲಿ. ಮೂರು ತಿಂಗಳಿಂದ ಪಾಳಿ ಹಚ್ಚಿಕೊಂಡು ಬಂದು ಇರುತ್ತಿದ್ದೇವೆ. ನನ್ನ ರಜೆ ಎಲ್ಲಾ ಮುಗಿದಿದೆ, ಫೆಬ್ರವರಿಯಿಂದ ಆಫೀಸಿಗೆ ಹೋಗದಿದ್ದರೆ ನೌಕರಿ ಉಳಿಯಲ್ಲ. ಪುಣೆಗೆ ಬಾ ಅಂದರೆ "ಮಗಳ ಮನ್ಯಾಗ ಎಷ್ಟ್ ದಿನ ಕೂಡ್ಲಿ" ಅಂತಾಳೆ. ಬೆಂಗಳೂರಿಗೆ ಹೋಗು ಅಂದರೆ "ಏಳನೇ ಮಾಳಗಿ ಮ್ಯಾಗ ಕುಂತು ಯಾರ ಮಾರಿ ನೋಡ್ಲಿ" ಅಂತಾಳೆ. ಶರಣಬಸವೇಶ್ವರ ಗುಡಿ ಬಿಟ್ಟು ಬರಲ್ಲ, ಅಷ್ಟೇ, ಮುಗೀತು.

ಭಾಂಡೆ ತಿಕ್ಕೋಕೆ, ಬಟ್ಟೆ ಒಗೆಯೋಕೆ ಒಬ್ಬ ಹೆಣ್ಣುಮಗಳು ಬೆಳಿಗ್ಗೆ ಬಂದು ಹೋಗುತ್ತಾಳೆ. ಆದರೆ ಹಗಲು ರಾತ್ರಿ ಮನೆಯಲ್ಲೇ ಇರುವವರು ಬೇಕು. ನಮ್ಮ ಓಣಿಯಲ್ಲಿ ಕೇಳಿದೆ, ಔಷಧಿ ಅಂಗಡಿಯವರನ್ನು ಕೇಳಿದೆ, ಆಪರೇಷನ್ ಆದ ಆಸ್ಪತ್ರೆಯ ಆಯಾಗಳನ್ನೂ ಕೇಳಿದೆ. ಹನ್ನೆರಡು ತಾಸಿಗೆ ಸಿಗುತ್ತಾರೆ, ಇಪ್ಪತ್ನಾಲ್ಕು ತಾಸು ಅಂದ ತಕ್ಷಣ ಎಲ್ಲರೂ ಹಿಂದೆ ಸರಿಯುತ್ತಾರೆ. ಏಜೆನ್ಸಿಗೆ ಹೋಗಬೇಕಾ, ಪರಿಚಯದವರೇ ಒಳ್ಳೆಯದಾ? ಸಂಬಳ ಎಷ್ಟು ಕೊಡುತ್ತಿದ್ದೀರಿ? ಪೊಲೀಸ್ ಪರಿಶೀಲನೆ ಮಾಡಿಸಿದ್ದೀರಾ?

ಇನ್ನೊಂದು ಮಾತು, ಬರೆಯೋಕೆ ನಾಚಿಕೆ ಆಗುತ್ತೆ. ಯಾರ ಹೆಸರು ಹೇಳಿದರೂ ಅವ್ವ ಕೇಳುವ ಮೊದಲನೇ ಪ್ರಶ್ನೆ "ಯಾವ ಮಂದಿ ಅಕಿ?". ಎರಡನೇದು "ನಂಗೇನಾಗ್ಯಾದ, ನಾ ಎಲ್ಲಾ ಮಾಡ್ಕೋತೀನಿ". ಇದನ್ನು ಹೇಗೆ ದಾಟಿದಿರಿ, ಹೇಳಿ.

ಸೇಡಂ ರೋಡ್

ಅಕ್ಕಾ, ನಮ್ಮಪ್ಪನಿಗೆ ಲಕ್ವಾ ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದರು, ಹೋದ ವರ್ಷ ತೀರಿಕೊಂಡರು. ಅಷ್ಟರಲ್ಲಿ ನಾಲ್ಕು ಜನ ಬಂದು ಹೋದರು. ಮೊದಲನೆಯವನ ಕಥೆ ಹೇಳುತ್ತೇನೆ, ನಿಮಗೆ ಅದೇ ಜಾಸ್ತಿ ಉಪಯೋಗ.

ದೊಡ್ಡ ಊರಿನ ಒಂದು ಏಜೆನ್ಸಿ, ಹೆಸರು ಬೇಡ. ತಿಂಗಳಿಗೆ 22,000 ಅಂದರು. ಅದರ ಮೇಲೆ ಒಂದು ತಿಂಗಳ ಸಂಬಳದಷ್ಟು ಕಮಿಷನ್ ಮೊದಲೇ ಹಾಕಿಸಿಕೊಂಡರು. ಟ್ರೇನಿಂಗ್ ಆದ ಹುಡುಗ ಅಂದರು. ಹುಡುಗ ಕೆಟ್ಟವನಲ್ಲ, ಸುಳ್ಳು ಹೇಳಬಾರದು. ಆದರೆ ಅವನಿಗೆ ಬರೋದು ಹಿಂದಿ ಮಾತ್ರ, ಅಪ್ಪನಿಗೆ ಲಕ್ವಾದಿಂದ ಇದ್ದ ಕನ್ನಡವೂ ತೊದಲುತ್ತಿತ್ತು. ಅಪ್ಪ ಮಗ್ಗಲು ಬದಲಿಸು ಅನ್ನೋಕೆ ಹೋಗಿ "ಮಗ್ಗಲಾ, ಮಗ್ಗಲಾ" ಅಂತಿದ್ದರು. ಅವನು ಓಡಿ ಹೋಗಿ ಬಚ್ಚಲಿಂದ ಮಗ್ ತಂದು ಮುಂದೆ ಹಿಡಿಯುತ್ತಿದ್ದ! ಹಿಂದಿಯ ಮಗ್ ಲಾ, ಅಂದರೆ ಮಗ್ ತಾ, ಅಂದ ಹಾಗೆ ಕೇಳಿಸುತ್ತಿತ್ತು ಪಾಪ. ನಾವು ಮನೆಮಂದಿ ಎಲ್ಲಾ ನಕ್ಕಿದ್ದೆವು. ಹದಿನೈದು ದಿನ ಆದ ಮೇಲೆ ಬೆನ್ನಿನ ಕೆಳಗೆ ಎಲುಬು ಚುಚ್ಚುವ ಜಾಗದಲ್ಲಿ ಚರ್ಮ ಕೆಂಪಾಗಿತ್ತು. ಸೆಕೆಗೆ ಹೀಗಾಗಿದೆ ಅಂತ ಪೌಡರ್ ಹಾಕಿ ಸುಮ್ನೆ ಇದ್ದೆವು. ಅದು ಹಾಸಿಗೆ ಹುಣ್ಣು. ಮಾಗೋಕೆ ಮೂರು ತಿಂಗಳು ಬೇಕಾಯಿತು. ಆಮೇಲೆ ಮಗ್ಗಲಾ ಅನ್ನೋ ಮಾತಿಗೆ ಯಾರೂ ನಗಲಿಲ್ಲ.

ಹಾಸಿಗೆ ಮೇಲೇ ಇರುವವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ರಾತ್ರಿಯೂ. ಏರ್ ಬೆಡ್ ತಂದೆವು. ಅದು ಇದ್ದರೂ ಮಗ್ಗಲು ಬದಲಿಸೋದು ತಪ್ಪಲ್ಲ. ಹಿಮ್ಮಡಿ, ಸೊಂಟ, ಕುಂಡಿ ಮೇಲಿನ ಎಲುಬು, ಇಷ್ಟನ್ನು ದಿನಾ ನೀವೇ ಕಣ್ಣಾರೆ ನೋಡಬೇಕು. ಹುಡುಗ ನೋಡಿದ್ದಾನೆ ಅಂದುಕೊಳ್ಳೋದಲ್ಲ. ನಿಮ್ಮ ಅವ್ವ ನಡೆಯುತ್ತಿದ್ದಾರೆ, ಆ ಮಟ್ಟಿಗೆ ನೀವು ಪುಣ್ಯವಂತರು.

ಏಜೆನ್ಸಿ ಬೇಡವೇ ಬೇಡ ಅಂತ ನಾನು ಹೇಳಲ್ಲ. ಮೂರನೆಯವನು ಅಲ್ಲಿಂದಲೇ ಬಂದವನು, ಬಂಗಾರದಂಥ ಮನುಷ್ಯ. ಆದರೆ ದುಡ್ಡು ಹಾಕುವ ಮುಂಚೆ ಕೆಲವು ಮಾತು ಕಾಗದದ ಮೇಲೆ ಬರೆಸಿಕೊಳ್ಳಿ. ಬಂದವರು ಬಿಟ್ಟು ಹೋದರೆ ಎಷ್ಟು ದಿನದೊಳಗೆ ಬೇರೆಯವರನ್ನು ಕಳಿಸುತ್ತೀರಿ, ಎಷ್ಟು ಸಲ ಕಳಿಸುತ್ತೀರಿ, ಕಮಿಷನ್ ವಾಪಸ್ ಬರುತ್ತಾ, ನಾನು ಕೊಡುವ 22,000ದಲ್ಲಿ ಆ ಹುಡುಗನ ಕೈಗೆ ಎಷ್ಟು ಹೋಗುತ್ತೆ. ಕೊನೆಯದನ್ನು ಕೇಳಿದಾಗ ಅವರು ಮಾತು ಹಾರಿಸಿದರು. ಆಮೇಲೆ ಹುಡುಗನನ್ನೇ ಕೇಳಿದೆ, 13,000 ಅಂದ. ಒಂಬತ್ತು ಸಾವಿರ ಎಲ್ಲಿ ಹೋಯಿತು ಅಂತ ಕೇಳಬೇಡಿ. ಅವನಿಗೆ ನನ್ನ ಮೇಲೆ ಸಿಟ್ಟಿತ್ತು, ನನಗೆ ಅವನ ಮೇಲೆ ಸಿಟ್ಟಿತ್ತು, ಇಬ್ಬರದೂ ತಪ್ಪು ಜಾಗಕ್ಕೆ ಹೋಗಿತ್ತು.

ಮತ್ತೆ ನಿಮಗೆ ನರ್ಸ್ ಬೇಕಾ, ಕೈ ಹಿಡಿಯುವವರು ಬೇಕಾ, ಮೊದಲು ನೀವು ನೀವೇ ಕೂತು ತೀರ್ಮಾನ ಮಾಡಿ. ಮೂಗಿನ ನಳಿಕೆ, ಮೂತ್ರದ ಪೈಪ್ ಇದ್ದರೆ ಕಲಿತವರೇ ಬೇಕು. ನೀವು ಬರೆದದ್ದು ನೋಡಿದರೆ ನಿಮಗೆ ಬೇಕಾಗಿರೋದು ಒಬ್ಬ ಗಟ್ಟಿ ಹೆಣ್ಣುಮಗಳು, ಮಾತು ಬರುವವಳು.

ಆಳಂದದ ಸೊಸೆ

ತಂಗಿ, ನನ್ನ ಅತ್ತೆಗೆ 81. ನಮ್ಮ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಇದ್ದು ಮೂರು ವರ್ಷ ಆಗುತ್ತಾ ಬಂತು. ನನ್ನ ತವರೂರಿನವಳು, ಗಂಡ ಇಲ್ಲ, ಮಗಳ ಮದುವೆ ಆಗಿದೆ. ನಾವು 16,000 ಕೊಡುತ್ತೇವೆ, ಊಟ, ಚಹಾ, ವರ್ಷಕ್ಕೆ ಎರಡು ಸೀರೆ. ಅವಳ ಖಾತೆಗೇ ಹಾಕುತ್ತೇವೆ.

"ಯಾವ ಮಂದಿ" ಅನ್ನೋದರ ಬಗ್ಗೆ ಕೇಳಿದಿರಿ, ಉಳಿದವರು ಇದನ್ನು ದಾಟಿ ಹೋಗುತ್ತಾರೆ, ಅದಕ್ಕೇ ನಾನು ಹೇಳುತ್ತೇನೆ. ಇವಳು ಬರುವ ಮುಂಚೆ ಒಬ್ಬಳು ಬಂದಿದ್ದಳು. ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು. ಅತ್ತೆ ಅವಳಿಗೆ ಅಂತ ಒಂದು ಗ್ಲಾಸ್, ಒಂದು ಗಂಗಾಳ ಬೇರೆ ತೆಗೆದು ಹಿತ್ತಲ ಕಿಟಕಿಯಲ್ಲಿ ಇಟ್ಟಿದ್ದರು. ನಾನು ನೋಡಿದ್ದೆ. ನೋಡಿಯೂ ಸುಮ್ನೆ ಇದ್ದೆ, ಮನೆಯಲ್ಲಿ ಜಗಳ ಯಾಕೆ ಅಂತ. ಹನ್ನೆರಡನೇ ದಿನ ಅವಳು ಚೀಲ ಹಿಡಿದು ಹೊರಟಳು. "ಅಕಿನ ಹೇಲು ಉಚ್ಚಿ ತೆಗಿಲಾಕ್ ನನ್ನ ಕೈ ನಡೀತದ, ನೀರ್ ಕುಡಿಲಾಕ್ ನಡಿಯಾಂಗಿಲ್ಲೇನ್ರಿ?" ಅಂದಳು. ಏನು ಹೇಳಲಿ ಅದಕ್ಕೆ. ದಿನಾ ಬೆಳಿಗ್ಗೆ ವಚನ ಓದುವ ಮನೆ ನಮ್ಮದು, ಬಸವಕಲ್ಯಾಣವೂ ನಮ್ಮೂರಿಗೆ ದೂರವಿಲ್ಲ.

ಆಮೇಲೆ ಒಂದೂವರೆ ತಿಂಗಳು ಯಾರೂ ಸಿಗಲಿಲ್ಲ. ಎಲ್ಲಾ ನಾನೇ ಮಾಡಿದೆ, ನನ್ನ ಸೊಂಟ ಹೋಯಿತು. ಈಗಿನವಳು ಬರುವ ಮುಂಚೆ ನಮ್ಮ ಮನೆಯವರು ಅತ್ತೆ ಮುಂದೆ ಕೂತು ಹೇಳಿದರು, "ಅವ್ವಾ, ಇವಳು ನಮ್ಮ ಗಂಗಾಳದಾಗ ಉಣ್ತಾಳ. ನಿಂಗ್ ಬ್ಯಾಡ ಅಂದ್ರ ಈಗ ಹೇಳು, ಬಂದ್ ಮ್ಯಾಲ ಹೇಳಬ್ಯಾಡ". ಅತ್ತೆ ನಾಲ್ಕು ದಿನ ಮುಖ ಊದಿಸಿಕೊಂಡಿದ್ದರು. ಅವರ ಮನಸ್ಸು ಬದಲಾಗಿದೆ ಅಂತ ನನಗೆ ಇವತ್ತಿಗೂ ಅನ್ನಿಸಲ್ಲ. ಆದರೆ ಕಿಟಕಿಯಲ್ಲಿ ಗ್ಲಾಸ್ ಇಲ್ಲ. ನೀವೂ ಅಣ್ಣನ ಕೈಲಿ ಮೊದಲೇ ಹೇಳಿಸಿ. ಮಗಳ ಮಾತಿಗಿಂತ ಮಗನ ಮಾತಿಗೆ ಅವ್ವಂದಿರು ಹೆದರುತ್ತಾರೆ, ಅನ್ಯಾಯ, ಆದರೆ ಹಾಗೇ ಇದೆ ಅಲ್ವಾ.

ನಮ್ಮ ಕಡೆ ಒಂದು ದೊಡ್ಡ ತೊಂದರೆ ಹಬ್ಬ ಮತ್ತು ಹೊಲ. ಡಿಸೆಂಬರ್, ಜನವರಿ ತೊಗರಿ ರಾಶಿ. ಹೊಲದಲ್ಲಿ ಕೂಲಿ ಚೆನ್ನಾಗಿ ಸಿಗುತ್ತೆ, ಆಗ ಹಳ್ಳಿಯಿಂದ ಯಾರೂ ಬರಲ್ಲ. ನೀವು ಈಗ ಹುಡುಕುತ್ತಿದ್ದೀರಿ, ಅದಕ್ಕೇ ಸಿಗುತ್ತಿಲ್ಲ ನೋಡಿ. ರಾಶಿ ಮುಗಿಯಲಿ, ಫೆಬ್ರವರಿಯಲ್ಲಿ ಕೇಳಿದರೆ ಪುಣೆ ಮುಂಬೈಗೆ ದುಡಿಯೋಕೆ ಹೊರಟವರಲ್ಲೇ ಒಬ್ಬರು ಇಲ್ಲೇ ನಿಲ್ಲಬಹುದು. ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆ) ಹೊಲದಲ್ಲಿ ಚರಗ ಚೆಲ್ಲೋಕೆ ಎಲ್ಲರೂ ಊರಿಗೆ ಹೋಗುತ್ತಾರೆ. ಪಂಚಮಿ ಅಂತೂ ಕೇಳಲೇಬೇಡಿ. ಮೊದಲ ವರ್ಷ ಇವಳು ಪಂಚಮಿಗೆ ನಾಲ್ಕು ದಿನ ಅಂತ ಹೋದವಳು ಇಪ್ಪತ್ತೆರಡು ದಿನ ಬರಲಿಲ್ಲ. ಫೋನ್ ಸ್ವಿಚ್ ಆಫ್. ನಾನು ಬೈದುಕೊಂಡೆ. ಬಂದ ಮೇಲೆ ಗೊತ್ತಾಯಿತು, ಹನ್ನೊಂದು ತಿಂಗಳಲ್ಲಿ ಅವಳಿಗೆ ನಾವು ಒಂದು ದಿನವೂ ರಜೆ ಕೊಟ್ಟಿರಲಿಲ್ಲ! ಲೆಕ್ಕ ಹಾಕಿದರೆ ಅವಳದ್ದೇ ಬಾಕಿ ಇತ್ತು.

ಈಗ ತಿಂಗಳಿಗೆ ಎರಡು ದಿನ ರಜೆ, ಎರಡೂ ಒಟ್ಟಿಗೆ. ಶಕ್ತಿ ಯೋಜನೆಯಿಂದ ಕೆಕೆಆರ್‌ಟಿಸಿ ಬಸ್ಸಿಗೆ ಆಧಾರ್ ತೋರಿಸಿದರೆ ಟಿಕೆಟ್ ದುಡ್ಡಿಲ್ಲ, ಹಾಗಾಗಿ ಹೋಗಿ ಬರೋದು ಸುಲಭವಾಗಿದೆ. ಆ ಎರಡು ದಿನ ನಾದಿನಿ ಬರುತ್ತಾಳೆ. ನಿಮ್ಮಲ್ಲಿ ಆ ಎರಡು ದಿನ ಯಾರು, ಅದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಸೂಪರ್ ಮಾರ್ಕೆಟ್ ಮಂದಿ

ಇಷ್ಟೆಲ್ಲಾ ಸರಿ. ಮೊದಲು ಬಂಗಾರ ಬ್ಯಾಂಕ್ ಲಾಕರ್‌ಗೆ ಹಾಕಿ. ಅವ್ವನ ಕೈಗೆ ಎಟಿಎಂ ಕಾರ್ಡ್ ಕೊಡಬೇಡಿ. ನಮ್ಮ ಪಕ್ಕದ ಮನೆ ಕಾಕಾ ಕೆಲಸದ ಹುಡುಗನಿಗೆ ಪಿನ್ ಹೇಳಿ "ಎರಡು ಸಾವಿರ ತೆಗೆದುಕೊಂಡು ಬಾ" ಅಂತ ಕಳಿಸುತ್ತಿದ್ದರು, ಪೆನ್ಷನ್ ಖಾತೆ ನಾಲ್ಕು ತಿಂಗಳಲ್ಲಿ ಖಾಲಿ. ಆಧಾರ್ ನಕಲು, ಫೋಟೋ, ಊರಿನ ಎರಡು ಜನರ ಫೋನ್ ನಂಬರ್ ಇಟ್ಟುಕೊಳ್ಳಿ. ಪೊಲೀಸ್ ಪರಿಶೀಲನೆಗೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಲ್ಲಿ ಅರ್ಜಿ ಹಾಕಬಹುದು, ನಿಮ್ಮ ಏರಿಯಾ ಠಾಣೆಗೂ ಒಂದು ಸಲ ಹೋಗಿ ಮಾತಾಡಿ ಬನ್ನಿ. ಮನೆಯಲ್ಲಿ ಎಲ್ಲಾ ಕಡೆ ಕ್ಯಾಮೆರಾ ಹಾಕಿಸಿ, ಪುಣೆಯಲ್ಲಿ ಕೂತು ಮೊಬೈಲಲ್ಲಿ ನೋಡಬಹುದು. ಯಾರನ್ನೂ ನಂಬೋ ಕಾಲ ಅಲ್ಲ ಇದು.

ಬ್ರಹ್ಮಪುರದ ಮಗಳು

ಸೇಡಂ ರೋಡ್ ಅಣ್ಣ, ಆಳಂದದ ಅಕ್ಕ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಗಂಗಾಳದ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲೂ ಹಿತ್ತಲಲ್ಲಿ ಒಂದು ಗ್ಲಾಸ್ ಇದೆ. ಭಾಂಡೆ ತಿಕ್ಕುವವಳಿಗೆ ಚಹಾ ಕೊಡೋಕೆ. ಚಿಕ್ಕಂದಿನಿಂದ ನೋಡಿದ್ದೇನೆ, ಕಣ್ಣಿಗೇ ಬಿದ್ದಿರಲಿಲ್ಲ.

ಕ್ಯಾಮೆರಾ ಬಗ್ಗೆ ಅಣ್ಣನೂ ಅದೇ ಹೇಳುತ್ತಿದ್ದಾನೆ. ನಾಲ್ಕು ಹಾಕಿಸೋಣ ಅಂತ.

ಗುರುಮಠಕಲ್ ಹುಡುಗಿ

ನಾನು ಇಲ್ಲಿ ಓದುತ್ತೇನೆ ಅಷ್ಟೇ, ಬರೆಯೋದು ಕಮ್ಮಿ. ಈ ಕ್ಯಾಮೆರಾ ಮಾತು ಓದಿ ಬರೆಯಬೇಕು ಅನ್ನಿಸಿತು.

ನಮ್ಮ ಅವ್ವ ಇದೇ ಕೆಲಸ ಮಾಡುತ್ತಾಳೆ. ಹೈದರಾಬಾದಿನಲ್ಲಿ, ಆರು ವರ್ಷದಿಂದ. ನಮ್ಮ ಊರಿಂದ ಅದೇ ಹತ್ತಿರದ ದೊಡ್ಡ ಊರು, ತೆಲುಗು ಎಲ್ಲರಿಗೂ ಬರುತ್ತೆ, ಬಹಳ ಜನ ಹೋಗುತ್ತಾರೆ. ಅವಳು ದುಡಿದ ದುಡ್ಡಲ್ಲೇ ನಾನು ಡಿಗ್ರಿ ಮುಗಿಸಿದ್ದು. ಹಾಗಾಗಿ ನಾನು ಆ ಕಡೆಯಿಂದ ಹೇಳುತ್ತೇನೆ.

ಮೊದಲು ಇದ್ದ ಮನೆಯಲ್ಲಿ ಅವಳಿಗೆ ಮಲಗೋಕೆ ಅಜ್ಜಿಯ ಮಂಚದ ಪಕ್ಕ ನೆಲ. ಅದು ಪರವಾಗಿಲ್ಲ, ರಾತ್ರಿ ಅಜ್ಜಿ ಕರೆದರೆ ಕೇಳಬೇಕಲ್ಲ. ಆದರೆ ಆ ರೂಮಲ್ಲಿ ಕ್ಯಾಮೆರಾ ಇತ್ತು. ಸೀರೆ ಉಡೋಕೆ ಬಚ್ಚಲಿಗೆ ಹೋಗಬೇಕು. ಕಾಲು ನೋವಾಗಿ ಹತ್ತು ನಿಮಿಷ ಗೋಡೆಗೆ ಒರಗಿ ಕೂತರೆ ಅಮೆರಿಕದಿಂದ ಫೋನ್ ಬರುತ್ತಿತ್ತು, "ಯಾಕೆ ಕೂತಿದ್ದೀಯ" ಅಂತ. ರಾತ್ರಿ ಐದು ಸಲ ಎದ್ದವಳು ಹಗಲು ಹತ್ತು ನಿಮಿಷ ಕೂರಬಾರದಾ? ಅಜ್ಜಿಗೆ ಮರೆವಿನ ಕಾಯಿಲೆ. ರಾತ್ರಿ ಎರಡಕ್ಕೆ ಎದ್ದು ಬಾಗಿಲು ತೆಗೆದು "ಸ್ಕೂಲಿಗೆ ಹೊತ್ತಾಯಿತು" ಅಂತ ಹೊರಡುತ್ತಿದ್ದರು. ಅದು ಅಮೆರಿಕದವರಿಗೆ ಕಾಣುತ್ತಿರಲಿಲ್ಲ, ಯಾಕಂದರೆ ಕ್ಯಾಮೆರಾದಲ್ಲಿ ಅವರು ನೋಡುತ್ತಿದ್ದದ್ದು ನಮ್ಮ ಅವ್ವನನ್ನು, ಅಜ್ಜಿಯನ್ನಲ್ಲ.

ಕ್ಯಾಮೆರಾ ಬೇಡ ಅಂತ ನಾನು ಹೇಳುತ್ತಿಲ್ಲ. ತಲೆಬಾಗಿಲಿಗೆ ಹಾಕಿ, ಪಡಸಾಲೆಗೆ ಹಾಕಿ, ಹಾಕಿದ್ದೇವೆ ಅಂತ ಮೊದಲೇ ಹೇಳಿ. ಅವಳು ಮಲಗುವ ಜಾಗಕ್ಕೆ ಬೇಡ. ಕಳ್ಳತನ ಮಾಡುವವರು ಇಲ್ಲ ಅಂತಲೂ ಅಲ್ಲ. ಆದರೆ ನಾಲ್ಕು ಕಡೆ ಕ್ಯಾಮೆರಾ ಇಟ್ಟು, ಫ್ರಿಜ್ಜಿಗೆ ಬೀಗ ಹಾಕಿ (ಹೌದು, ಒಂದು ಮನೆಯಲ್ಲಿ ಫ್ರಿಜ್ಜಿಗೆ ಬೀಗ ಇತ್ತು), ಆಮೇಲೆ ನಮ್ಮವ್ವನ್ನ ನಿಮ್ಮವ್ವ ಅಂದುಕೊಂಡು ನೋಡಿಕೋ ಅಂತಾರೆ. ಅದು ಹೇಗಾಗುತ್ತೆ?

ಇನ್ನೊಂದು. ಪೇಷಂಟ್ ನೋಡೋಕೆ ಅಂತ ಕರೆದುಕೊಂಡು ಬರುತ್ತಾರೆ. ಒಂದು ವಾರಕ್ಕೆ "ಹೇಗೂ ಇದ್ದೀಯಲ್ಲ, ಎರಡು ರೊಟ್ಟಿ ತಟ್ಟು". ಆಮೇಲೆ ಕಸ, ಆಮೇಲೆ ಮೊಮ್ಮಕ್ಕಳ ಬಟ್ಟೆ, ಆಮೇಲೆ ನೆಂಟರು ಬಂದರೆ ಹದಿನೈದು ಜನಕ್ಕೆ ಅಡುಗೆ. ಅದಕ್ಕೇ ಇಪ್ಪತ್ನಾಲ್ಕು ತಾಸು ಅಂದರೆ ಎಲ್ಲರೂ ಹಿಂದೆ ಸರಿಯೋದು. ಕೆಲಸಕ್ಕೆ ಹೆದರಿ ಅಲ್ಲ, ಮುಗಿಯದ ಕೆಲಸಕ್ಕೆ ಹೆದರಿ. ಅಕ್ಕಾ, ನೀವು ಭಾಂಡೆ ತಿಕ್ಕುವವಳನ್ನು ಬಿಡಿಸಬೇಡಿ. ಏನು ಮಾಡಬೇಕು, ಏನು ಮಾಡಬೇಕಾಗಿಲ್ಲ, ಎರಡನ್ನೂ ಮೊದಲ ದಿನವೇ ಹೇಳಿ. ಮಧ್ಯಾಹ್ನ ಎರಡು ತಾಸು ಅವಳದ್ದು, ಆಗ ಮಲಗಲಿ, ಫೋನಲ್ಲಿ ಮಾತಾಡಲಿ. ಅವಳ ಟ್ರಂಕ್ ಇಡೋಕೆ ಒಂದು ಜಾಗ, ಒಂದು ಬೀಗ.

ಸಣ್ಣ ಹುಡುಗಿಯರನ್ನು ಯಾರಾದರೂ ತಂದು ತೋರಿಸಿದರೆ ದಯವಿಟ್ಟು ಇಟ್ಟುಕೊಳ್ಳಬೇಡಿ. ಹದಿನಾಲ್ಕು ತುಂಬದವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳೋದು 2006ರಿಂದಲೇ ಅಪರಾಧ. ಹದಿನೈದು, ಹದಿನಾರರ ಹುಡುಗಿ ಆದರೂ ಬೇಡ, ಅವಳಿಗೆ ಅಜ್ಜಿಯನ್ನು ಎತ್ತೋ ಶಕ್ತಿ ಎಲ್ಲಿಂದ ಬರಬೇಕು. ಮತ್ತೆ, ಕೆಲಸಕ್ಕೆ ಬಂದವಳಿಗೆ ಬ್ಯಾಂಕಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಂದರೆ ಅಪಘಾತ ವಿಮೆ, ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. ಐವತ್ತರೊಳಗಿನವಳಾದರೆ 436 ರೂಪಾಯಿಯ ಜೀವನ ಜ್ಯೋತಿ ಜೀವ ವಿಮೆಯೂ ಇದೆ. ಅವ್ವನಿಗೆ ಈಗಿನ ಮನೆಯವರು ಎರಡನ್ನೂ ಮಾಡಿಸಿದ್ದಾರೆ, ಅವರೇ ಕಟ್ಟುತ್ತಾರೆ. ಅವ್ವ ಅದನ್ನು ಊರಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ.

ಸೂಪರ್ ಮಾರ್ಕೆಟ್ ಮಂದಿ

ತಂಗಿ, ನೀನು ಹೇಳೋದು ಒಪ್ಪುತ್ತೇನೆ. ಮಲಗೋ ರೂಮಿಗೆ ಬೇಡ. ಆದರೆ ಎಟಿಎಂ ಮಾತು ಮಾತ್ರ ವಾಪಸ್ ತೆಗೆದುಕೊಳ್ಳಲ್ಲ.

ನರ್ಸಕ್ಕ

ಇಪ್ಪತ್ತು ವರ್ಷದಿಂದ ವಾರ್ಡಲ್ಲಿದ್ದೇನೆ, ಈಗ ಕಲಬುರಗಿಯಲ್ಲೇ. ಸಂಬಳ, ರಜೆ ಬಗ್ಗೆ ಎಲ್ಲರೂ ಹೇಳಿದರು, ನಾನು ಇನ್ಸುಲಿನ್ ಬಗ್ಗೆ ಹೇಳುತ್ತೇನೆ, ಯಾಕಂದರೆ ಎಲುಬಿಗಿಂತ ಅದೇ ನನಗೆ ಹೆದರಿಕೆ.

ಬರುವವಳಿಗೆ ಓದೋಕೆ ಬರುತ್ತಾ, ಅಂಕಿ ಗೊತ್ತಾಗುತ್ತಾ, ಅದನ್ನು ನೋಡಿ. ಸಿರಿಂಜ್‌ಗಿಂತ ಇನ್ಸುಲಿನ್ ಪೆನ್ ಸುಲಭ, ತಿರುಗಿಸಿ ಅಂಕಿ ನೋಡಿದರೆ ಆಯಿತು. ಡಾಕ್ಟರನ್ನು ಕೇಳಿ ಪೆನ್ನಿಗೆ ಬದಲಿಸಬಹುದಾ ನೋಡಿ. ಮೊದಲ ವಾರ ನೀವು ವಿಡಿಯೋ ಕಾಲ್‌ನಲ್ಲಿ ಇದ್ದು ಮಾಡಿಸಿ. ಊಟ ಕಣ್ಣ ಮುಂದೆ ಬಂದ ಮೇಲೆ ಇನ್ಸುಲಿನ್, ಇನ್ಸುಲಿನ್ ಕೊಟ್ಟ ಮೇಲೆ ರೊಟ್ಟಿ ತಟ್ಟೋಕೆ ಕೂರೋದಲ್ಲ. ನಮ್ಮ ಕಡೆ ಇದೇ ಆಗೋದು.

ಮತ್ತೆ ಉಪವಾಸ. ನಿಮ್ಮ ಅವ್ವ ಶ್ರಾವಣ ಸೋಮವಾರ ಮಾಡುತ್ತಾರಾ? ಶಿವರಾತ್ರಿ? ಮಾಡಿಯೇ ಮಾಡುತ್ತಾರೆ. ಯಾರಿಗೂ ಹೇಳದೆ ಊಟ ಬಿಡುತ್ತಾರೆ, ಇವಳು ಪಾಪ ದಿನದ ಲೆಕ್ಕದಂತೆ ಇನ್ಸುಲಿನ್ ಕೊಡುತ್ತಾಳೆ. ಮಧ್ಯಾಹ್ನ ಬೆವರು, ಕೈ ನಡುಕ, ಮಾತು ಅಡ್ಡಾದಿಡ್ಡಿ. ಪ್ರತಿ ವರ್ಷ ಶ್ರಾವಣದಲ್ಲಿ ಹೀಗೆ ಬರುವವರನ್ನು ನೋಡುತ್ತೇನೆ. ಗ್ಲುಕೋಮೀಟರಲ್ಲಿ 70ಕ್ಕಿಂತ ಕಮ್ಮಿ ಬಂದರೆ ಮೂರು ಸಣ್ಣ (ಚಹಾ) ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಆಮೇಲೆ ಊಟ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಬೇಸಿಗೆ ಬರುತ್ತಿದೆ. ಬಳಸುತ್ತಿರುವ ಇನ್ಸುಲಿನ್ ಸುಮಾರು ನಾಲ್ಕು ವಾರ ಹೊರಗೆ ಇಡಬಹುದು ಅಂತಾರೆ, ಆದರೆ ಅದು 30 ಡಿಗ್ರಿಯೊಳಗಿನ ಮಾತು. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಹೊರಗೆ 42, 43 ಆಗುತ್ತೆ, ರಾತ್ರಿಯೂ ಗೋಡೆ ಕಾದೇ ಇರುತ್ತೆ. ಫ್ರಿಜ್ಜಲ್ಲೇ ಇಡಿ. ಬರ್ಫ್ ಆಗುವ ಮೇಲಿನ ಖಾನೆಯಲ್ಲಿ ಬೇಡ, ಗಟ್ಟಿಯಾದರೆ ಕೆಟ್ಟ ಹಾಗೇ. ಕರೆಂಟ್ ಜಾಸ್ತಿ ಹೊತ್ತು ಹೋದರೆ ಒಂದು ಮಣ್ಣಿನ ಗಡಿಗೆ ಒಳಗೆ ಇನ್ನೊಂದು ಸಣ್ಣ ಗಡಿಗೆ, ನಡುವೆ ಒದ್ದೆ ಮರಳು, ಹಳೇ ಉಪಾಯ, ನಡೆಯುತ್ತೆ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗಲ್ಲ. ರಾತ್ರಿ ಏಳಬೇಕಾಗುತ್ತೆ ಅಂತ ನೀರನ್ನೂ ಬಿಡುತ್ತಾರೆ. ತಾಸಿಗೊಮ್ಮೆ ಅರ್ಧ ಗ್ಲಾಸ್ ನೀರು, ಇಲ್ಲಾ ಮಜ್ಜಿಗೆ, ಕೇಳದೆ ಕೊಡಬೇಕು.

ಬಚ್ಚಲಿಗೆ ಹಿಡಿಕೆ ಹಾಕಿಸಿದಿರಾ? ಜಾರದ ಮ್ಯಾಟ್? ಇದು ಯಾವ ಹೆಣ್ಣುಮಗಳು ಬರುವ ಮುಂಚೆಯೂ ಆಗಬೇಕಾದ ಕೆಲಸ. ಕಮೋಡ್ ಎತ್ತರ ಇರಲಿ. ರಾತ್ರಿಗೆ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಟ್ಟರೆ ಅರ್ಧ ತೊಂದರೆ ಹೋಗುತ್ತೆ, ಅವಳಿಗೂ ನಿದ್ದೆ ಸಿಗುತ್ತೆ. ದಾರಿಯಲ್ಲಿ ಚಾಪೆ, ಕಾಲೊರಸು ಏನೂ ಬೇಡ. ಯಾರೂ ಇಲ್ಲದಾಗ ಸಲಹೆ ಕೇಳೋಕೆ ಹಿರಿಯರ ಸಹಾಯವಾಣಿ ಇದೆ, 14567. ಆ ನಂಬರನ್ನೂ ಫ್ರಿಜ್ ಮೇಲೆ ಬರೆಯಿರಿ.

ಸೇಡಂ ರೋಡ್

ಕಮೋಡ್ ಕುರ್ಚಿ ನಮ್ಮ ಮನೆಯಲ್ಲಿ ಸುಮ್ನೆ ಬಿದ್ದಿದೆ ಅಕ್ಕಾ. ಏರ್ ಬೆಡ್ಡೂ ಇದೆ. ಬೇಕಾದರೆ ಒಯ್ಯಿರಿ. ಅಪ್ಪನ ವಸ್ತು ಮಾರೋಕೆ ಮನಸ್ಸಾಗಲಿಲ್ಲ, ಯಾರಿಗಾದರೂ ಉಪಯೋಗಕ್ಕೆ ಬಂದರೆ ಬೇರೆ ಮಾತು.

ಬ್ರಹ್ಮಪುರದ ಮಗಳು (ಮೇ)

ಎಲ್ಲರೂ ಮರೆತಿರುತ್ತೀರಿ, ಆದರೂ ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತೆ.

ಆಳಂದದ ಅಕ್ಕ ಹೇಳಿದ ಹಾಗೆ ರಾಶಿ ಮುಗಿದ ಮೇಲೆ ಸಿಕ್ಕರು. ಚಿಂಚೋಳಿ ಕಡೆಯ ಹಳ್ಳಿಯವರು, ನಲವತ್ತೆಂಟು ವಯಸ್ಸು. ನಮ್ಮ ಭಾಂಡೆ ತಿಕ್ಕುವವಳ ದೊಡ್ಡಮ್ಮನ ಮಗಳು. ಮೂರು ತಿಂಗಳು ಊರೆಲ್ಲಾ ಹುಡುಕಿದ್ದೆ, ದಿನಾ ನಮ್ಮ ಹಿತ್ತಲಿಗೆ ಬರುವವಳನ್ನು ಕೇಳಿರಲಿಲ್ಲ. ಕೇಳಿದಾಗ ಅವಳು "ನೀವು ಕೇಳ್ತೀರಿ ಅಂತ ಕಾದಿದ್ದೆ ರೀ ಅಕ್ಕೋರೆ" ಅಂದಳು. ಹಿತ್ತಲ ಗ್ಲಾಸನ್ನು ಅವತ್ತೇ ತೆಗೆದೆ. ಅವ್ವ ನೋಡಿದಳು, ಏನೂ ಅನ್ನಲಿಲ್ಲ, ಮಾರನೇ ದಿನ ಅದೇ ಜಾಗದಲ್ಲಿ ಇನ್ನೊಂದು ಗ್ಲಾಸ್ ಇತ್ತು. ಅದನ್ನೂ ತೆಗೆದೆ. ಆಮೇಲೆ ಅಣ್ಣ ಫೋನ್ ಮಾಡಿ ಮಾತಾಡಿದ. ಏನು ಹೇಳಿದ ಗೊತ್ತಿಲ್ಲ, ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಸಂಬಳ 16,000, ಖಾತೆಗೆ. ಹದಿನೈದು ದಿನ ನೋಡೋಣ ಅಂತ ಇಬ್ಬರೂ ಒಪ್ಪಿಕೊಂಡು ಶುರು ಮಾಡಿದೆವು, ಅವರಿಗೂ ಬೇಡ ಅನ್ನಿಸಿದರೆ ಹೋಗಬಹುದು ಅಂತ. ಕ್ಯಾಮೆರಾ ಒಂದೇ, ತಲೆಬಾಗಿಲಿಗೆ. ಬಂಗಾರ ಲಾಕರ್‌ನಲ್ಲಿದೆ, ಎಟಿಎಂ ಕಾರ್ಡ್ ನನ್ನ ಹತ್ತಿರ. ಬಚ್ಚಲಿಗೆ ಹಿಡಿಕೆ ಹಾಕಿಸಿದೆ. ಸೇಡಂ ರೋಡ್ ಅಣ್ಣನ ಕಮೋಡ್ ಕುರ್ಚಿ ನಮ್ಮ ಮನೆಯಲ್ಲಿದೆ. ಅದನ್ನು ಕೊಡುವಾಗ ಅವರ ತಾಯಿ ಒರೆಸಿ, ಅದಕ್ಕೆ ಒಂದು ಹೊಸ ಟವೆಲ್ ಸುತ್ತಿ ಕೊಟ್ಟರು.

ಎಲ್ಲಾ ಚೆನ್ನಾಗಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಶಿವರಾತ್ರಿಗೆ ಅವ್ವ ಉಪವಾಸ ಮಾಡಿಯೇ ಮಾಡಿದಳು. ನರ್ಸಕ್ಕನ ಕಾಗದ ಫ್ರಿಜ್ ಮೇಲೆ ಇತ್ತು, ಇವರು ಗ್ಲುಕೋಮೀಟರ್ ಹಚ್ಚಿ 64 ಅಂತ ನನಗೆ ಫೋನ್ ಮಾಡಿ, ನಾನು ಎತ್ತುವುದರೊಳಗೆ ಸಕ್ಕರೆ ನೀರು ಕುಡಿಸಿದ್ದರು. ಅವ್ವನ ಸಿಟ್ಟು ಇವರ ಮೇಲೆ, ವ್ರತ ಕೆಡಿಸಿದಳು ಅಂತ. ಒಂದು ವಾರ ಇವರ ಕೈ ರೊಟ್ಟಿ ದಪ್ಪ, ಪುಂಡಿಪಲ್ಯೆಗೆ ಉಪ್ಪು ಕಮ್ಮಿ. ಅಡುಗೆ ಇವರ ಕೆಲಸವೇ ಅಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಆದರೆ ಊಟದ ಡಬ್ಬಿ ಕಳಿಸುವವರ ರೊಟ್ಟಿ ಅವ್ವನಿಗೆ ಸೇರಲ್ಲ, ಇವರಾಗಿಯೇ ತಟ್ಟೋಕೆ ಶುರು ಮಾಡಿದರು. ಅದಕ್ಕೆ ಈಗ ಎರಡು ಸಾವಿರ ಜಾಸ್ತಿ ಕೊಡುತ್ತಿದ್ದೇನೆ. ಗುರುಮಠಕಲ್ ತಂಗಿ, ನೀನು ಬೈಯುವ ಮುಂಚೆಯೇ ಹೇಳುತ್ತಿದ್ದೇನೆ. ಎರಡೂ ವಿಮೆ ಮಾಡಿಸಿದೆ.

ಈಗ ರಾತ್ರಿ ಏಳಕ್ಕೆ ಫೋನ್ ಮಾಡಿದರೆ "ಆಮ್ಯಾಲ ಮಾಡು, ನಾವು ಸೀರಿಯಲ್ ನೋಡ್ಲತ್ತೀವಿ" ಅಂತ ಇಡುತ್ತಾಳೆ. ನಾವು ಅಂದರೆ ಯಾರು ಅಂತ ನಾನು ಕೇಳಲಿಲ್ಲ.

ಈಗ ಇನ್ನೊಂದು ಪ್ರಶ್ನೆ. ಪಂಚಮಿಗೆ ಇವರು ಹತ್ತು ದಿನ ಊರಿಗೆ ಹೋಗುತ್ತಾರೆ. ಮೊದಲೇ ಮಾತಾಗಿದೆ, ಇಲ್ಲ ಅನ್ನಲ್ಲ. ನನಗೆ ಆರು ದಿನ ರಜೆ ಸಿಗುತ್ತೆ, ಅಣ್ಣನಿಗೆ ಎರಡು. ಉಳಿದ ಎರಡು ರಾತ್ರಿಗೆ ಬ್ರಹ್ಮಪುರದ ಸುತ್ತಮುತ್ತ ಬಂದು ಮಲಗುವವರು ಯಾರಾದರೂ ಗೊತ್ತಾ? ಹಗಲು ಭಾಂಡೆ ತಿಕ್ಕುವವಳು ಇರುತ್ತೇನೆ ಅಂದಿದ್ದಾಳೆ, ರಾತ್ರಿ ಮಾತ್ರ ಆಗಲ್ಲ, ಅವಳಿಗೆ ಮಕ್ಕಳಿದ್ದಾರೆ.

ಆಳಂದದ ಸೊಸೆ

ಎರಡು ರಾತ್ರಿ ತಾನೆ? ತಾರೀಖು ಹೇಳು ತಂಗಿ. ನಮ್ಮವಳೂ ಪಂಚಮಿಗೆ ಹೋಗುತ್ತಾಳೆ, ಆದರೆ ನಾದಿನಿ ಇರುತ್ತಾಳೆ. ಕೇಳಿ ನೋಡುತ್ತೇನೆ.